ಪಕ್ಕಕ್ಕೆ ಸರಿದವಳ ಒಗಟು

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುಮನಾಳ ಟೈಲರಿಂಗ್ ಅಂಗಡಿ. ಎಂಟಡಿ ಅಗಲ, ಹನ್ನೆರಡಡಿ ಉದ್ದ. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಮೊಳೆಗಳು. ಹೆಂಗಸರ ರವಿಕೆ ಬಿಟ್ಟು ಬೇರೆ ಏನನ್ನೂ ಆಕೆ ಹೊಲಿಯುವುದಿಲ್ಲ. ಹೊಸ ಗಿರಾಕಿ ಬಂದರೆ, ಅವರು ತಂದ ಅಳತೆ ರವಿಕೆಯನ್ನು ಹಳೇ ನ್ಯೂಸ್ ಪೇಪರಿನ ಮೇಲೆ ಹರಡಿ, ಸುತ್ತಲೂ ಪೆನ್ಸಿಲ್ ಎಳೆದು, ಕತ್ತರಿಸಿ, ಮೂಲೆಯಲ್ಲಿ ಹೆಸರು ಬರೆದು ಮೊಳೆಗೆ ಸಿಕ್ಕಿಸುತ್ತಾಳೆ. ತರೀಕೆರೆಯ ಅರ್ಧ ಊರಿನ ಹೆಂಗಸರ ಬೆನ್ನು, ಭುಜ, ತೋಳು ಆ ಗೋಡೆಯ ಮೇಲೆ ನೇತಾಡುತ್ತಿವೆ.

ಆ ಪೇಪರುಗಳೇ ಅವಳ ಕಾಲೇಜು. ಸಿಂಗಟಗೆರೆಯ ಗಂಗಾಧರಯ್ಯನವರ ಮಗಳು ಅವಳು; ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಇಪ್ಪತ್ತೆರಡು ತೆಗೆದು ಫೇಲಾದಳು. ಅಪ್ಪ ‘ಸಾಕು ಬಿಡು’ ಅಂದರು. ಅದೇ ವರ್ಷ ಅಣ್ಣ ಎರಡನೇ ಸಲ ಫೇಲಾಗಿದ್ದ, ಅವನಿಗೆ ಮೂರನೇ ಸಲ ಕಟ್ಟಿಸಿದರು. ಇದನ್ನು ಹೇಳುವಾಗ ಸುಮನಾ ನಗುತ್ತಾಳೆ. ನಗುವಂಥದ್ದು ಅದರಲ್ಲಿ ಏನೂ ಇಲ್ಲ.

ಪೇಪರಿಗೆ ಕತ್ತರಿ ಹಾಕುವ ಮೊದಲು ಅದರಲ್ಲಿನ ಪದಬಂಧ, ಲೆಕ್ಕದ ಆಟ, ಕಳ್ಳ ಯಾರು ಹೇಳಿ ಅನ್ನುವಂಥ ಅರ್ಧ ಪುಟದ ಕಥೆ ಎಲ್ಲವನ್ನೂ ಓದುವ ಚಟ ಅವಳಿಗೆ. ಉತ್ತರ ಇದ್ದ ಪುಟ ಎಷ್ಟೋ ಸಲ ಆಗಲೇ ಯಾರದೋ ತೋಳಾಗಿ ಹೋಗಿರುತ್ತಿತ್ತು. ಹಾಗಾಗಿ ಉತ್ತರವನ್ನು ತಾನೇ ಕಟ್ಟಿಕೊಳ್ಳುವುದು ರೂಢಿಯಾಯಿತು. ಆಮೇಲೆ ಕಥೆಯನ್ನೂ ಕಟ್ಟತೊಡಗಿದಳು. ಗಂಡ ಓಂಕಾರೇಶ್ ಬೀರೂರು ರೈಲ್ವೆ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ತಿಂಡಿ ಬಡಿಸುತ್ತಾ ಒಂದೊಂದು ಒಗಟು ಒಡ್ಡುತ್ತಿದ್ದಳು.

“ಲೇ, ಉಪ್ಪು ಎಲ್ಲಿದೆ ಅಂತ ಕೇಳಿದ್ರೆ ನೀನು ಸುಳಿವು ಕೊಡ್ತೀಯ, ಉಪ್ಪು ಕೊಡಲ್ಲ” ಅನ್ನುತ್ತಿದ್ದ ಅವನು. ಆದರೂ ಯೋಚಿಸುತ್ತಿದ್ದ. ಹತ್ತಕ್ಕೆ ಮೂರು ಬಿಡಿಸುತ್ತಿದ್ದ.

ಅಂಗಡಿಯಲ್ಲಿ ಅವಳ ಜೊತೆಗಿದ್ದವಳು ಪ್ರತಿಮಾ. ಅಜ್ಜಂಪುರದವಳು, ಮೂವತ್ತೆರಡು ವರ್ಷ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದಳು. ಹುಕ್ಸು ಹಾಕುವುದು, ಹೆಮ್ಮಿಂಗ್ ಮಾಡುವುದು, ಸೀರೆಗೆ ಫಾಲ್ಸ್ ಹಚ್ಚುವುದು ಅವಳ ಕೆಲಸ. ಗಂಡ ಲಾರಿ ಓಡಿಸುತ್ತಿದ್ದ, ಆಕ್ಸಿಡೆಂಟಾಗಿ ಹೋದ. ಆಮೇಲೆ ಅಮ್ಮನ ಮನೆಗೆ ಬಂದು, ಸುಮನಾಳ ಹತ್ತಿರ ಕೆಲಸಕ್ಕೆ ಸೇರಿ ಐದು ವರ್ಷ. ಮಾತು ಕಡಿಮೆ, ಹೊಲಿಗೆ ಸಣ್ಣ. ಅವಳ ಹೆಮ್ಮಿಂಗ್ ಬಟ್ಟೆಯ ಹೊರಗಿನ ಕಡೆಯಿಂದ ಕಾಣುತ್ತಿರಲಿಲ್ಲ.

ಕಡೂರಿನ ಶ್ರೀನಿವಾಸಮೂರ್ತಿ ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ರಿಟೈರಾದವರು. ಅವರು ಫೇಸ್‌ಬುಕ್ಕಿನಲ್ಲಿ ಒಂದು ಬಳಗ ನಡೆಸುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿ ಒಗಟಿನ ಕಥೆಯ ಸ್ಪರ್ಧೆ. ಕಥೆಯ ಕೊನೆಯ ಪ್ಯಾರಾ ಬಿಟ್ಟು ಉಳಿದದ್ದನ್ನು ಬಳಗದಲ್ಲಿ ಹಾಕಬೇಕು. ಕೊನೆಯ ಪ್ಯಾರಾ ಮೇಷ್ಟ್ರ ಹತ್ತಿರ ಗುಟ್ಟಾಗಿರುತ್ತದೆ. ನಾಲ್ಕು ದಿನ ಓದುಗರು ಕೆಳಗೆ ಉತ್ತರ ಬರೆಯುತ್ತಾರೆ. ಮೂವರು ತೀರ್ಪುಗಾರರು. ನಿಯಮಗಳು ಹತ್ತಾರಿದ್ದರೂ ಮೇಷ್ಟ್ರು ದಪ್ಪ ಅಕ್ಷರದಲ್ಲಿ ಹಾಕಿದ್ದು ಒಂದನ್ನೇ: ಒಗಟಿಗೆ ಒಂದೇ ಉತ್ತರ ಇರಬೇಕು, ಎರಡನೆಯದೂ ಹೊಂದಿದರೆ ಕಥೆ ಸ್ಪರ್ಧೆಯಿಂದ ಹೊರಗೆ. ಗೆದ್ದವರಿಗೆ ಕಡೂರಿನಲ್ಲಿ ಒಂದು ಸಮಾರಂಭ, ಶಾಲು, ಬಳಗದ ಪುಸ್ತಕದಲ್ಲಿ ಕಥೆ.

ಸುಮನಾಗೆ ಅದು ಬೇಕಾಗಿತ್ತು. ಶಾಲಿನ ಆಸೆಗಲ್ಲ. ಗಣಿತದ ಮೇಷ್ಟ್ರೊಬ್ಬರು ಮೈಕಿನಲ್ಲಿ ತನ್ನ ಹೆಸರು ಕರೆಯಬೇಕು, ಮುಂದಿನ ಸಾಲಿನಲ್ಲಿ ಅಣ್ಣ ಕೂತಿರಬೇಕು. ಇಷ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹಿಂದಿನ ವರ್ಷದ ಆಯುಧಪೂಜೆಯ ದಿನ ಅವಳಿಗೆ ಕಥೆ ಸಿಕ್ಕಿತ್ತು. ಮೆಷಿನ್ನುಗಳಿಗೆ ವಿಭೂತಿ ಬಳಿದು, ಹೂವಿಟ್ಟು, ಮಂಗಳಾರತಿ ಮಾಡಿ, ಬಂದಿದ್ದ ಗಿರಾಕಿಗಳಿಗೆ ಕುಂಕುಮದ ಭರಣಿ ಹಿಡಿದುಕೊಂಡು ಹೊರಟಳು. ಸಾಲಿನಲ್ಲಿ ನಾಲ್ಕನೆಯವಳು ಪ್ರತಿಮಾ. ಭರಣಿ ಅವಳ ಹತ್ತಿರ ಬರುವುದಕ್ಕೆ ಮೊದಲೇ ಅವಳು ಅರ್ಧ ಹೆಜ್ಜೆ ಇಸ್ತ್ರಿ ಮೇಜಿನ ಕಡೆ ಸರಿದಳು. ಯಾರೂ ಹೇಳಲಿಲ್ಲ, ಯಾರೂ ನೋಡಲೂ ಇಲ್ಲ. ಭರಣಿ ಮೂರನೆಯವಳಿಂದ ಐದನೆಯವಳಿಗೆ ಹೋಯಿತು. ಆಮೇಲೆ ಸುಮನಾ ಅವಳಿಗೆ ಎಲ್ಲರಿಗಿಂತ ದೊಡ್ಡ ಪುರಿ ಪೊಟ್ಟಣ, ಎರಡು ಬಾಳೆಹಣ್ಣು ಕೊಟ್ಟಳು. ವಿಭೂತಿ ಎಲ್ಲರ ಹಣೆಗೂ ಒಂದೇ ಎಂದು ಕೇಳಿಕೊಂಡು ಬೆಳೆದ ಮನೆತನ ಸುಮನಾಳದು. ಕುಂಕುಮದ ಭರಣಿ ಕೈಗೆ ಬಂದ ಕೂಡಲೇ ಆ ಮಾತು ಯಾವ ಮೂಲೆಗೆ ಹೋಗಿ ಕೂರುತ್ತದೋ, ಯಾರೂ ಹುಡುಕುವುದಿಲ್ಲ.

ಸುಮನಾ ಆ ಅರ್ಧ ಹೆಜ್ಜೆಯನ್ನು ನೋಡಿದ್ದಳು. ನೋಡಿ ಎತ್ತಿಟ್ಟುಕೊಂಡಳು.

ಕಥೆಯ ಹೆಸರು ‘ಪೆಟ್ಟಿಗೆ’. ಬೀರೂರಿನ ಒಂದು ಮನೆಗೆ ಮಧ್ಯಾಹ್ನ ಗುರುತಿಲ್ಲದ ಹೆಂಗಸೊಬ್ಬಳು ಬರುತ್ತಾಳೆ. ಹಣೆಯಲ್ಲಿ ಬೊಟ್ಟು, ಕೈತುಂಬ ಬಳೆ. ‘ನಮ್ಮ ಯಜಮಾನ್ರು ನಿಮ್ಮನೇಲಿ ಇಟ್ಟಿದ್ದ ಮರದ ಪೆಟ್ಟಿಗೆ ತಗೊಂಬಾ ಅಂತ ಕಳಿಸಿದ್ರು’ ಅನ್ನುತ್ತಾಳೆ. ಪೆಟ್ಟಿಗೆಯ ಬಣ್ಣ, ಬೀಗ, ಇಟ್ಟ ತಿಂಗಳು ಎಲ್ಲ ಸರಿಯಾಗಿ ಹೇಳುತ್ತಾಳೆ. ಒಳಗೆ ಕರೆದರೂ ಬರದೆ ಜಗಲಿಯಲ್ಲೇ ಕೂತು ಕಾಫಿ ಕುಡಿಯುತ್ತಾಳೆ. ಮನೆಯಾಕೆ ಕುಂಕುಮದ ಭರಣಿ ತಂದಾಗ ಬಾಗಿಲ ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಮನೆಯಾಕೆ ಭರಣಿ ಮುಚ್ಚಿ, ‘ಪೆಟ್ಟಿಗೆ ಅಟ್ಟದ ಮೇಲಿದೆ, ನಾಳೆ ಬನ್ನಿ’ ಎಂದು ಕಳಿಸಿಬಿಡುತ್ತಾಳೆ. ಮನೆಯಾಕೆಗೆ ಅನುಮಾನ ಬಂದದ್ದು ಹೇಗೆ? ಇಷ್ಟೇ ಒಗಟು.

ಗುಟ್ಟಿನ ಪ್ಯಾರಾದಲ್ಲಿ ಉತ್ತರ: ಆಕೆಯ ಗಂಡ ಸತ್ತು ಮೂರು ವರ್ಷವಾಗಿದೆ; ಅವನು ಕಳಿಸಿದ ಅನ್ನುವುದು ಸುಳ್ಳು, ಪೆಟ್ಟಿಗೆ ಹೊಡೆಯಲು ಬಂದ ಕಳ್ಳಿ. ಬೊಟ್ಟು, ಬಳೆ ಹಾಕಿಕೊಳ್ಳುವುದನ್ನು ನೆನಪಿಟ್ಟುಕೊಂಡಿದ್ದಳು, ಭರಣಿ ಬಂದಾಗ ಸರಿದು ನಿಲ್ಲುವ ಅಭ್ಯಾಸವನ್ನು ಬಿಟ್ಟುಬರಲು ಮರೆತಳು.

ಕಥೆ ಹಾಕಿದ ದಿನ ಸುಮನಾ ಅದರ ಲಿಂಕನ್ನು ಗಿರಾಕಿಗಳಿಗೆಲ್ಲ ಕಳಿಸಿದಳು. ಪ್ರತಿಮಾಗೂ ಹೋಯಿತು. ಆ ವಿಷಯ ಸುಮನಾಳ ತಲೆಗೇ ಬರಲಿಲ್ಲ.

ಭಾನುವಾರ ಸಂಜೆ ಆರಕ್ಕೆ ಫಲಿತಾಂಶ. ಮುನ್ನೂರ ಹನ್ನೆರಡು ಜನ ಉತ್ತರ ಬರೆದಿದ್ದರು, ನಲವತ್ತೊಂದು ಸರಿ. ಮೊದಲ ಬಹುಮಾನ ‘ಪೆಟ್ಟಿಗೆ’ಗೆ. ತೀರ್ಪುಗಾರರು ಬರೆದಿದ್ದರು: ನಮ್ಮ ಸಂಪ್ರದಾಯದ ಸೂಕ್ಷ್ಮ ಅವಲೋಕನ. ಆ ಸಂಪ್ರದಾಯದ ಭಾರ ಯಾರ ಮೈಮೇಲೆ ಬಿದ್ದಿದೆ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಮೂವರೂ ಗಂಡಸರು.

ಓಂಕಾರೇಶ್ ಬೀರೂರಿನಿಂದಲೇ ಫೋನ್ ಮಾಡಿದ. “ಏನಮ್ಮ, ಇನ್ಮೇಲೆ ಅಪಾಯಿಂಟ್‌ಮೆಂಟ್ ತಗೊಂಡು ಮಾತಾಡ್ಬೇಕಾ?”

“ನೀವು ಬಿಡಿಸಿದ್ರಾ ಅದನ್ನ?”

“ನಾನು ಪೆಟ್ಟಿಗೇಲಿ ಹಾವಿದೆ ಅಂತ ಬರ್ದಿದ್ದೆ ಕಣೇ. ಹಾಳಾಗ್ಲಿ ಬಿಡು.”

ನಗುತ್ತಲೇ ಅವಳು ಗಂಡನ ಹಾವನ್ನು ಹುಡುಕಲು ಹೊರಟಳು. ಮೇಷ್ಟ್ರು ಸರಿಯುತ್ತರಗಳಿಗೆ ಹಸಿರು ಗುರುತು, ತಪ್ಪಿಗೆ ಕೆಂಪು ಗುರುತು ಹಾಕಿದ್ದರು. ಹಸಿರಿನವು ಓದಲು ಅಷ್ಟು ಚೆನ್ನಾಗಿರಲಿಲ್ಲ. ‘ರಂಡೆ ಬುದ್ಧಿ ಎಲ್ಲಿ ಹೋಗುತ್ತೆ’ ಎಂದು ಒಬ್ಬ ಬರೆದಿದ್ದ, ಅದಕ್ಕೆ ಹದಿನೇಳು ಜನ ನಕ್ಕಿದ್ದರು. ‘ಗಂಡ ಸತ್ತ ಮೇಲೂ ಬಳೆ ಶೋಕಿ’ ಎಂದು ಇನ್ನೊಬ್ಬ. ಇಬ್ಬರ ಉತ್ತರಕ್ಕೂ ಹಸಿರು ಗುರುತು. ಉತ್ತರ ಸರಿಯಾಗಿತ್ತಲ್ಲ.

ಇನ್ನೂರ ಎಂಟನೆಯ ಉತ್ತರಕ್ಕೆ ಬಂದಾಗ ಅವಳ ಬೆರಳು ನಿಂತಿತು. ದಾಸವಾಳದ ಚಿತ್ರ, ಪಕ್ಕದಲ್ಲಿ ಪ್ರತಿಮಾ ಎಂಬ ಹೆಸರು, ಕೆಂಪು ಗುರುತು.

‘ಆಯಮ್ಮ ಮುಟ್ಟಾಗಿ ಹೊರಗಾಗಿದ್ದರು. ಅದಕ್ಕೇ ಒಳಗೆ ಬರಲಿಲ್ಲ, ಕುಂಕುಮಕ್ಕೂ ಸರಿದು ನಿಂತರು. ಮನೆಯವರು ತಪ್ಪು ತಿಳಿದುಕೊಂಡರು. ಆಯಮ್ಮ ಸುಳ್ಳು ಹೇಳಿಲ್ಲ. ಪೆಟ್ಟಿಗೆ ಕೊಟ್ಟು ಕಳಿಸಿ.’

ಸುಮನಾ ಅದನ್ನು ಎರಡು ಸಲ ಓದಿದಳು. ಮೊದಲ ಸಲ ಓದಿದ್ದು ಒಗಟು ಕಟ್ಟಿದವಳು. ಜಗಲಿಯಲ್ಲೇ ಕೂತಳು ಎಂದು ತಾನು ಬರೆದದ್ದು ಕಳ್ಳಿಯ ಅಳುಕು ತೋರಿಸಲಿಕ್ಕೆ. ಆದರೆ ಆ ಸಾಲು ತನ್ನ ಉತ್ತರಕ್ಕಿಂತ ಈ ಉತ್ತರಕ್ಕೇ ಹೆಚ್ಚು ಚೆನ್ನಾಗಿ ಕೂರುತ್ತಿತ್ತು. ಹನ್ನೆರಡನೇ ವಯಸ್ಸಿನಿಂದ ತಿಂಗಳು ತಿಂಗಳು ದೇವರ ಮನೆಯ ಮುಂದೆ ಪಕ್ಕಕ್ಕೆ ಸರಿದು ನಿಂತವಳು ತಾನೂ ಹೌದು. ಅದು ನೆನಪೇ ಆಗಲಿಲ್ಲವಲ್ಲ. ಎರಡನೇ ಸಲ ಓದಿದ್ದು ಅಂಗಡಿಯ ಸುಮನಾ. ‘ಪೆಟ್ಟಿಗೆ ಕೊಟ್ಟು ಕಳಿಸಿ’ ಎಂಬ ಮೂರು ಮಾತನ್ನು ದಾಟಿ ಅವಳಿಗೆ ಮುಂದೆ ಹೋಗಲಾಗಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಹುಮಾನ ಅವಳದೇ ಆಗಿ ಉಳಿಯುತ್ತಿತ್ತು. ಬೆಳಿಗ್ಗೆ ಅಜ್ಜಂಪುರದ ಬಸ್ಸಿನಿಂದ ಇಳಿದು ಬರುವವಳ ಮುಖವನ್ನು ಮಾತ್ರ ನೋಡಬೇಕಾಗುತ್ತಿತ್ತು. ಅವಳು ಬಂದರೆ.

ಏಳೂವರೆಗೆ ಮೇಷ್ಟ್ರಿಗೆ ಫೋನ್ ಮಾಡಿದಳು.

“ಸುಮನಾ ಅವರೇ, ಅಭಿನಂದನೆಗಳು. ನಾನೇ ಮಾಡೋನಿದ್ದೆ. ಮನೆಯವರೆಲ್ಲ ಬರಬೇಕು ಸಮಾರಂಭಕ್ಕೆ.”

“ಸಾರ್, ಇನ್ನೂರ ಎಂಟನೇ ಉತ್ತರ ಸ್ವಲ್ಪ ನೋಡಿ.”

ಅವರು ಕನ್ನಡಕ ಹುಡುಕಿ, ನೋಡಿ, “ಅದು ತಪ್ಪು ತಾನೆ, ನಿಮ್ಮ ಉತ್ತರ ಅದಲ್ಲವಲ್ಲ” ಅಂದರು.

“ನನ್ನ ಉತ್ತರ ಅದಲ್ಲ ಸಾರ್. ಆದ್ರೆ ಅದೂ ಸರಿ. ಅಮ್ಮಾವ್ರು ಮನೇಲಿದ್ರೆ ಒಂದ್ಸಲ ಕೇಳಿ.”

ಶ್ರೀನಿವಾಸಮೂರ್ತಿಗಳು ಹೆಂಡತಿ ಶಾರದಾಂಬಾ ಅವರನ್ನು ಕರೆದು ಕಥೆ ಓದಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಮಧ್ಯದಲ್ಲಿ ಒಗ್ಗರಣೆಯ ಸದ್ದು.

“ಜಗಲೀಲೇ ಕೂತ್ಲು ಅಂತ ಬರ್ದಿದಾರಲ್ಲ, ಮತ್ತೇನು?” ಅಂದರು ಶಾರದಾಂಬಾ. “ಹೊರಗಾಗಿರೋಳು ಒಳಗೆ ಬರ್ತಾಳಾ?”

“ಹಾಗಾದ್ರೆ ನೀನು ಮೊದಲೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರಾ?”

ಮೇಷ್ಟ್ರು ಮತ್ತೆ ಫೋನಿಗೆ ಬಂದರು. ಕೆಟ್ಟ ಮನುಷ್ಯರಲ್ಲ ಅವರು. “ನೋಡಿ, ಫಲಿತಾಂಶ ಹೋಗಿಬಿಟ್ಟಿದೆ. ಇದನ್ನ ಯಾರೂ ಗಮನಿಸಿಲ್ಲ. ಈಗ ಎತ್ತಿದ್ರೆ ಬಳಗದಲ್ಲಿ ಇಂಥ ವಿಷಯ ಚರ್ಚೆ ಆಗುತ್ತೆ...”

“ಗಮನಿಸಿದೋಳು ನಮ್ಮ ಅಂಗಡೀಲೇ ಹುಕ್ಸು ಹಾಕ್ತಾಳೆ ಸಾರ್. ನಾಳೆ ಹತ್ತು ಗಂಟೆಗೆ ಬತ್ತಾಳೆ.”

“ಹೂಂ” ಅಂದರು ಮೇಷ್ಟ್ರು. ಆಮೇಲೆ, “ಎರಡು ಉತ್ತರ ಬರೋ ಲೆಕ್ಕಕ್ಕೆ ಒಂದನ್ನ ಅಳಿಸಿ ಮಾರ್ಕ್ಸ್ ಕೊಟ್ಟವನಲ್ಲ ನಾನು. ಬದಲಾಯಿಸ್ತೀನಿ. ನಿಮಗೆ ಬೇಜಾರಿಲ್ಲ ತಾನೆ?”

“ಇದೆ ಸಾರ್” ಅಂದಳು ಸುಮನಾ. “ಆದ್ರೂ ಬದಲಾಯ್ಸಿ.”

ರಾತ್ರಿಯೇ ತಿದ್ದುಪಡಿ ಬಂತು. ಎರಡನೆಯ ಉತ್ತರವೂ ಹೊಂದುವುದರಿಂದ ‘ಪೆಟ್ಟಿಗೆ’ ಸ್ಪರ್ಧೆಯಿಂದ ಹೊರಗೆ. ಮೊದಲ ಬಹುಮಾನ ಕಡೂರಿನ ಹರ್ಷಿತ್ ಎಂಬುವವರ ಚದುರಂಗದ ಕಥೆಗೆ. ಎರಡನೆಯ ಉತ್ತರ ಏನೆಂದು ಮೇಷ್ಟ್ರು ಮುಚ್ಚಿಡದೆ ಬರೆದಿದ್ದರು. ಬಳಗಕ್ಕೆ ಮೈಮೇಲೆ ಬಂದಂತಾಯಿತು. ಹೆಂಗಸರ ಮುಟ್ಟಿನ ವಿಷಯ ಇಲ್ಲೆಲ್ಲ ತರುವುದೇ, ಮಕ್ಕಳೂ ಓದುವ ಜಾಗ ಇದು, ಎಂದು ಸಾಲುಸಾಲಾಗಿ ಬರೆದರು. ನಾಲ್ಕು ದಿನ ಗಂಡ ಸತ್ತ ಹೆಂಗಸನ್ನು ಕಳ್ಳಿ, ರಂಡೆ ಎಂದು ನಗುತ್ತಾ ಕೂತಿದ್ದಾಗ ಆ ಮಕ್ಕಳು ಎಲ್ಲಿಗೆ ಹೋಗಿದ್ದರೋ.

ಸೋಮವಾರ ಪ್ರತಿಮಾ ಬಂದಳು. ಚಪ್ಪಲಿ ಬಿಟ್ಟು, ಚೀಲ ಮೊಳೆಗೆ ಹಾಕಿ, ಹುಕ್ಸಿನ ಡಬ್ಬಿ ತೆಗೆದು ಕೂತಳು. ಸುಮನಾ ಮೆಷಿನ್ ತುಳಿಯುತ್ತಿದ್ದಳು. ಹೊಲಿಗೆ ಎರಡು ಸಲ ಬಿಚ್ಚಬೇಕಾಯಿತು.

“ನೋಡಿದ್ಯಾ?” ಅಂದಳು ಕೊನೆಗೆ.

“ಬಸ್ಸಲ್ಲಿ ನೋಡ್ದೆ. ಯಾಕಕ್ಕ ಬಿಟ್ರಿ?”

“ನಿನ್ನ ಉತ್ತರ ಸರಿಯಾಗಿತ್ತಲ್ಲ.”

“ಸರಿಯೋ ತಪ್ಪೋ, ನಾನು ಅದಕ್ಕೆ ಬರೀಲಿಲ್ಲ.” ಪ್ರತಿಮಾ ದಾರ ಹಲ್ಲಲ್ಲಿ ಕಡಿದಳು. “ನಿಮ್ಮ ಉತ್ತರ ಏನು ಅಂತ ಓದಿದ ತಕ್ಷಣ ಗೊತ್ತಾಯ್ತು. ಇಸ್ತ್ರಿ ಮೇಜಿನ ಹತ್ರ ಸರ್ದು ನಿಂತೋಳು ನಾನಲ್ವಾ.”

ಸುಮನಾ ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು. “ಮತ್ತೆ ಬೇರೆ ಯಾಕೆ ಬರ್ದೆ?”

“ಆಯಮ್ಮನ್ನ ಹೆಂಗಾದ್ರೂ ಬಿಡಿಸ್ಬೇಕಿತ್ತು.”

ಓಣಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

“ತಪ್ಪಾಯ್ತು ಕಣೇ” ಅಂದಳು ಸುಮನಾ.

“ಯಾವುದು?”

“ಕಥೆ.”

“ಕಥೆ ಚೆನ್ನಾಗಿತ್ತು ಬಿಡಿ” ಅಂದಳು ಪ್ರತಿಮಾ. ಸಿಟ್ಟಿಲ್ಲದೆ, ಹೆಮ್ಮಿಂಗ್ ಹಾಕುವ ಹಾಗೇ ಸಣ್ಣಗೆ ಹೇಳಿದಳು. “ಅವತ್ತು ನಾನು ಸರ್ದಿದ್ದನ್ನ ನೀವು ನೋಡಿದ್ರಿ. ನೋಡ್ಲಿಲ್ಲ ಅಂದ್ಕೊಂಡಿದ್ದೆ ಇಷ್ಟು ದಿನ. ನೋಡ್ಲಿಲ್ಲ, ಅದಕ್ಕೇ ಕರೀಲಿಲ್ಲ ಅಂತ.”

ಬಹುಮಾನ ಬಿಟ್ಟುಕೊಟ್ಟೆ ಎಂಬ ಸಮಾಧಾನವೊಂದು ಬೆಳಿಗ್ಗೆಯಿಂದ ಸುಮನಾಳ ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಅದು ಎದ್ದು ಹೋಯಿತು.

“ಅಜ್ಜಂಪುರದಲ್ಲಿ ನೈಟಿ ಹೊಲಿಯೋ ಕಡೆ ಕರೀತಿದಾರೆ” ಅಂದಳು ಪ್ರತಿಮಾ. “ಬಸ್ ಚಾರ್ಜು ಉಳಿಯುತ್ತೆ. ನಿನ್ನೆವರೆಗೂ ಹೋಗೋದು ಅಂತಲೇ ಇತ್ತು.”

“ಈಗ?”

“ಕಟಿಂಗ್ ಹೇಳ್ಕೊಡಿ. ಇರ್ತೀನಿ.”

ಟೈಲರಿಂಗ್ ಅಂಗಡಿಯಲ್ಲಿ ಕತ್ತರಿ ಯಾರ ಕೈಯಲ್ಲಿದೆಯೋ ಅಂಗಡಿ ಅವರದು. ಹೊಲಿಯುವವರು ಸಿಗುತ್ತಾರೆ, ಕತ್ತರಿಸುವವರು ಸಿಗುವುದಿಲ್ಲ. ಪ್ರತಿಮಾ ಇದನ್ನು ಮೂರು ವರ್ಷದ ಹಿಂದೆಯೇ ಕೇಳಿದ್ದಳು. ಸುಮನಾ ಆಗ ಕೊಟ್ಟ ಕಾರಣ ಬೇರೆ. ‘ಮದುವೆ ಬಟ್ಟೆ ಬರುತ್ತಲ್ಲ ಮಾರಾಯ್ತಿ, ಧಾರೆ ಬ್ಲೌಸಿಗೆ ಮೊದಲ ಕತ್ತರಿ ಮುತ್ತೈದೆಯದೇ ಆಗ್ಬೇಕು ಅಂತಾರೆ. ನಂಗೇನೂ ಇಲ್ಲ, ಗಿರಾಕಿಗಳು ಏನಾದ್ರೂ ಅಂದ್ಕೋತಾರೆ’ ಅಂದಿದ್ದಳು. ಆ ಗಿರಾಕಿಗಳ ಹಿಂದೆ ಮೂರು ವರ್ಷ ಅಡಗಿ ಕೂತಿದ್ದಳು.

“ಧಾರೆ ಬ್ಲೌಸೂ ಸೇರಿಸೇ ಕೇಳ್ತಿದೀಯಾ?”

“ಕಟಿಂಗ್ ಅಂದ್ರೆ ಕಟಿಂಗ್ ಅಲ್ವಾ ಅಕ್ಕ. ಅದರಲ್ಲಿ ಎರಡು ಥರ ಇದೆಯಾ?”

ಸುಮನಾ ಎದ್ದು ಹಳೇ ಪೇಪರಿನ ಕಟ್ಟು ಬಿಚ್ಚಿದಳು. ಅವತ್ತಿನಿಂದ ಒಂದೂವರೆ ತಿಂಗಳು ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಪಾಠ. ಮೊದಲು ಪೇಪರಿನ ಮೇಲೆ, ಆಮೇಲೆ ಅಸ್ತರಿನ ಬಟ್ಟೆ, ಆಮೇಲೆ ಸುಮನಾಳದೇ ಮೂರು ರವಿಕೆ. ಎರಡನೆಯದರ ಕಂಕುಳು ಬಿಗಿಯಾಗಿ ಕೈ ಎತ್ತಲಾಗಲಿಲ್ಲ. ಸುಮನಾ ಅದನ್ನೇ ಹಾಕಿಕೊಂಡು ಒಂದು ದಿನ ಅಂಗಡಿಯಲ್ಲಿ ಓಡಾಡಿದಳು. ಓಂಕಾರೇಶ್ ಮನೆಯಲ್ಲಿ, “ಇದೇನೇ, ಸಿಗ್ನಲ್ ಕೆಟ್ಟೋದ ಕಂಬ ಇದ್ದಂಗಿದೀಯ” ಅಂದ. ಮೂರನೆಯದು ಸರಿಬಂತು.

ಕಡೂರಿನ ಸಮಾರಂಭ ಆ ನಡುವೆ ಆಗಿಹೋಯಿತು. ಮೇಷ್ಟ್ರು ಪ್ರತಿಮಾಳನ್ನು ವೇದಿಕೆಗೆ ಕರೆಯುತ್ತೇವೆ ಅಂದರು. ‘ನನ್ನನ್ನ ಎತ್ತರದಲ್ಲಿ ನಿಲ್ಲಿಸಿ ಏನು ಮಾಡ್ತಾರಂತೆ’ ಎಂದು ಅವಳು ಹೋಗಲಿಲ್ಲ. ಸುಮನಾಳೂ ಹೋಗಲಿಲ್ಲ. ಆ ಸಂಜೆ ಅವಳು ಅಂಗಡಿಯಲ್ಲಿ ಸ್ವಲ್ಪ ಮಂಕಾಗಿದ್ದಳು. ಅಣ್ಣನಿಗೆ ಈ ವಿಷಯವೇ ಗೊತ್ತಾಗಲಿಲ್ಲ.

ಮಾಘ ಕಳೆಯುವ ಹೊತ್ತಿಗೆ ಅಮೃತಾಪುರದಿಂದ ಸಾವಿತ್ರಮ್ಮ ಬಂದರು. ಹದಿನೈದು ವರ್ಷದ ಗಿರಾಕಿ. ಮಗಳು ವಿದ್ಯಾಶ್ರೀಗೆ ಮದುವೆ ಗೊತ್ತಾಗಿತ್ತು. ಚೀಲದಿಂದ ನಾಲ್ಕು ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಮೇಲಿನದು ಮಗಳ ಧಾರೆಯದು, ಅರಿಶಿನ ಬಣ್ಣಕ್ಕೆ ಕೆಂಪಂಚು; ಉಳಿದ ಮೂರು ಸಾವಿತ್ರಮ್ಮನಿಗೇ.

“ಕೊಡಿ” ಎಂದು ಪ್ರತಿಮಾ ಚಾಕ್‌ಪೀಸ್ ಹಿಡಿದು ಮೇಜಿನ ಹತ್ತಿರ ಬಂದಳು.

ಸಾವಿತ್ರಮ್ಮನ ಕೈ ಬಟ್ಟೆಯ ಮೇಲೇ ಉಳಿಯಿತು. “ಸುಮನಾ, ನೀನಲ್ವಾ?”

“ಈಗ ಕಟಿಂಗ್ ಎಲ್ಲ ಪ್ರತಿಮಾದೇ ಅಮ್ಮ. ನನಗಿಂತ ಚೆನ್ನಾಗಿ ಬರ್ತಿದೆ.”

“ಚೆನ್ನಾಗಿ ಬರುತ್ತೆ ಕಣಮ್ಮ, ಅದಲ್ಲ.” ಸಾವಿತ್ರಮ್ಮ ಪ್ರತಿಮಾಳ ಕಡೆ ನೋಡದೆ ಗೋಡೆಯ ಮೊಳೆಗಳ ಕಡೆ ನೋಡಿದರು. “ನಂದೇನೂ ಇಲ್ಲ. ಬೀಗರ ಕಡೆಯೋರು ನಾಳೆ ಒಂದು ಮಾತು ಅಂದ್ರೆ... ಇದೊಂದು ನೀನು ಮಾಡ್ಕೊಡು. ಉಳಿದವು ಇವಳು ಮಾಡ್ಲಿ.”

‘ಅದೊಂದು ನಾನೇ ಮಾಡ್ತೀನಿ ಬಿಡಿ’ ಎಂಬ ಮಾತು ಸುಮನಾಳ ನಾಲಿಗೆ ತುದಿಯಲ್ಲಿತ್ತು. ಎಲ್ಲರಿಗೂ ಅನುಕೂಲದ ಮಾತು. ಪ್ರತಿಮಾ ಚಾಕ್‌ಪೀಸ್ ಹಿಡಿದು ನಿಂತಲ್ಲೇ ನಿಂತಿದ್ದಳು. ಸರಿಯಲಿಲ್ಲ. ಅವಳು ನೋಡುತ್ತಿದ್ದುದು ಸಾವಿತ್ರಮ್ಮನನ್ನಲ್ಲ, ಸುಮನಾಳನ್ನು.

“ಹಾಗಾದ್ರೆ ಅದನ್ನ ಬೇರೆ ಕಡೆ ಕೊಡಿ ಅಮ್ಮ” ಅಂದಳು ಸುಮನಾ. “ಇಲ್ಲಿ ಕತ್ತರಿ ಒಂದೇ.”

ಸಾವಿತ್ರಮ್ಮ ಸ್ವಲ್ಪ ಹೊತ್ತು ಕೂತರು. ನೀರು ಕೇಳಿ ಕುಡಿದರು. ಆಮೇಲೆ ಧಾರೆಯ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಉಳಿದ ಮೂರನ್ನು ಮುಟ್ಟಲಿಲ್ಲ. “ಇವು ಶುಕ್ರವಾರಕ್ಕೆ ಬೇಕು” ಎಂದು ಮೇಜಿಗೆ ಹೇಳಿ ಎದ್ದರು.

ಪ್ರತಿಮಾ ಹಸಿರು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿದಳು. ಅಂಚು ಅಂಚಿಗೆ ಕೂಡಿಸಿ, ಅಂಗೈಯಲ್ಲಿ ಸುಕ್ಕು ಬಿಡಿಸಿದಳು.

“ಅಕ್ಕ, ಇದಕ್ಕೆ ತೋಳು ಮೊಣಕೈವರೆಗಾ, ಗಿಡ್ಡವಾ? ಹೇಳ್ಲೇ ಇಲ್ಲ ಅವ್ರು.”

“ನನ್ನ ಯಾಕೆ ಕೇಳ್ತೀಯ? ಓಣೀಲೇ ಇದಾರೆ, ಕೇಳ್ಕೊಂಡು ಬಾ.”

ಪ್ರತಿಮಾ ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಹೋದಳು. “ಸಾವಿತ್ರಮ್ಮೋರೇ, ಒಂದ್ನಿಮಿಷ ನಿಂತ್ಕೊಳ್ಳಿ” ಎಂದು ಕರೆದದ್ದು ಅಂಗಡಿಯೊಳಗೂ ಕೇಳಿಸಿತು. ಸಾವಿತ್ರಮ್ಮ ತಿರುಗಿ, ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು, ಚೀಲ ಎಡಗೈಗೆ ಬದಲಾಯಿಸಿ, ತಮ್ಮ ಎಡತೋಳಿನ ಮೇಲೆ ಮೊಣಕೈಗಿಂತ ಎರಡು ಬೆರಳು ಮೇಲೆ ಗುರುತು ಮಾಡಿ ತೋರಿಸಿದರು. ಪ್ರತಿಮಾ ಅಲ್ಲೇ ನಡು ಓಣಿಯಲ್ಲಿ ನಿಂತು ಟೇಪು ಹಿಡಿದು ಅಳೆದಳು.